ಟ್ಯಾಂಕ್ ಈಸ್ ಕ್ಲೀನಿಂಗ್

ಇಂಗ್ಲಿಷ್ ಮೇಷ್ಟ್ರಿಗೆ ನಿವೃತ್ತಿ ಉಂಟು, ಅವರ ಕೆಂಪು ಪೆನ್ನಿಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮೇಷ್ಟ್ರ ಜೇಬಿನಲ್ಲಿ ಅದು ಈಗಲೂ ಸದಾ ಸನ್ನದ್ಧ. ಹಾಲಿನ ಬಿಲ್ಲಿರಲಿ, ಮೊಮ್ಮಗನ ರಜಾ ಅರ್ಜಿಯಿರಲಿ, ಕೈಗೆ ಸಿಕ್ಕ ಇಂಗ್ಲಿಷು ಗೀಟು ತಿನ್ನದೆ ವಾಪಸಾಗುವುದಿಲ್ಲ.

ಮದುವೆಗೆ ಕರೆಯಲು ಬಂದವರ ಪಾಡಂತೂ ಬೇಡ. ಕಾರ್ಡು ಕೈಗಿತ್ತರೆ ಮುಹೂರ್ತ ಯಾವಾಗ, ಹುಡುಗ ಏನು ಮಾಡ್ತಾನೆ, ಒಂದೂ ಕೇಳುವುದಿಲ್ಲ. ಕನ್ನಡಕ ಮೂಗಿನ ತುದಿಗಿಳಿಯುತ್ತದೆ. "ಮ್ಯಾರೇಜ್ ಆಫ್ ಮೈ ಡಾಟರ್ ಟು ಬಿ ಹೆಲ್ಡ್ ಆನ್ ಸಂಡೆ... ಅಲ್ರೀ, ಭಾನುವಾರ ಹೆಲ್ಡ್ ಆಗೋದು ಮದುವೆನೋ ಮಗಳೋ?" ಹುಡುಗಿಯ ಅಪ್ಪ ಬೆವರೊರೆಸಿಕೊಂಡು, ಅಚ್ಚಾಗಿ ಹೋಯ್ತಲ್ಲ ಸಾರ್ ಎನ್ನುತ್ತಾನೆ. "ಪರವಾಗಿಲ್ಲ, ನನ್ನ ಪ್ರತಿ ಸರಿ ಮಾಡ್ಕೋತೀನಿ."

"ಡಿಸ್ಕಸ್ ಅಬೌಟ್" ಎಂದರೆ ಅಬೌಟ್ ಹೊಡೆದುಹಾಕುತ್ತಾರೆ, "ರಿಟರ್ನ್ ಬ್ಯಾಕ್" ಎಂದರೆ ಬ್ಯಾಕನ್ನು. "ಒನ್ ಆಫ್ ಮೈ ಫ್ರೆಂಡ್" ಎಂದವನನ್ನು, "ಇರೋನೇ ಒಬ್ಬ, ಅವನಲ್ಲಿ ಒಬ್ಬನ್ನ ಹೇಗಯ್ಯಾ ಆರಿಸ್ದೆ?" ಎಂದು ತಡೆಯುತ್ತಾರೆ. ಸರ್ಕಲ್ಲಿನ ಫ್ಲೆಕ್ಸಿನಲ್ಲಿ "ಎ ಎಂಎಲ್‌ಎ" ಕಂಡಾಗ ಸ್ಟೂಲು ತರಿಸಲು ಹೊರಟಿದ್ದರು. "ಎಂ ವ್ಯಂಜನ ಅಲ್ವಾ ತಾತ?" ಎಂದ ಮೊಮ್ಮಗನಿಗೆ ನಡುರಸ್ತೆಯಲ್ಲೇ ಪಾಠ: "ಅಕ್ಷರ ನೋಡಬೇಡ, ಕಿವಿಗೊಡು. ಎಮ್. ಸ್ವರದಿಂದ ಶುರು. ಹಾಗಾಗಿ ಆನ್ ಎಂಎಲ್‌ಎ. ಆದರೆ ಎ ಯೂನಿವರ್ಸಿಟಿ." ಪಾಠ ಖಂಡಿತ ಸರಿ. ಅದೇ ಫ್ಲೆಕ್ಸಿನಲ್ಲಿ ಗಜಗಾತ್ರದಲ್ಲಿ "ಹುಟ್ಟುಹಬ್ಬದ ಶುಬಾಷಯಗಳು" ಎಂದಿತ್ತು. ಅದು ಕಣ್ಣಿಗೆ ಬೀಳಲಿಲ್ಲ. ಕನ್ನಡ ತಾನೆ, ನಡೆಯುತ್ತೆ.

ಇವರ ವೇದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ. ಆ ಪಿ. ಸಿ. ರೆನ್ 1924ರಲ್ಲಿ 'ಬೋ ಜೆಸ್ಟ್' ಎಂಬ ಕಾದಂಬರಿ ಬರೆದು, ಸಹಾರಾ ಮರಳಿನಲ್ಲಿ ಗುಂಡು ಹಾರಿಸುವ ಸೈನಿಕರ ಕಥೆ ಹೇಳಿ ಹೆಸರು ಮಾಡಿದವನು ಎಂದರೆ ಮೇಷ್ಟ್ರು ನಂಬುವುದಿಲ್ಲ. "ಅವನು ಬೇರೆ ರೆನ್ ಇರಬೇಕು." ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದೆಂಬುದು ಮೂಢನಂಬಿಕೆ ಎಂದು ಇಂಗ್ಲಿಷರವನೇ ಆದ ಭಾಷಾಪಂಡಿತ ಫೌಲರ್ 1926ರಲ್ಲೇ ಬರೆದಿಟ್ಟಿದ್ದಾನೆ. ಅದನ್ನು ತೋರಿಸಿದರೆ, "ದೊಡ್ಡೋರು ಏನು ಬೇಕಾದ್ರೂ ಬರೀತಾರೆ, ಪರೀಕ್ಷೆಗೆ ನಡೆಯಲ್ಲ" ಎಂದರು. "ಪ್ರಿಪೋನ್" ಪದವನ್ನು ಆಕ್ಸ್‌ಫರ್ಡ್ ನಿಘಂಟೇ ಒಳಗೆ ಬಿಟ್ಟುಕೊಂಡಿದೆ ಎಂಬ ಸುದ್ದಿಯನ್ನು ಅವರ ಬಿ.ಪಿ. ನೆನೆದು ನಾವ್ಯಾರೂ ಹೇಳಿಲ್ಲ.

ಮೊನ್ನೆ ಲಿಫ್ಟಿನ ಪಕ್ಕ ಸೂಪರ್‌ವೈಸರ್ ಅಂಟಿಸಿದ್ದ ನೋಟಿಸು: "ವಾಟರ್ ಟ್ಯಾಂಕ್ ಈಸ್ ಕ್ಲೀನಿಂಗ್ ಟುಮಾರೋ. ಕೈಂಡ್ಲಿ ಕೋಆಪರೇಟ್ ಟು ಅಸ್." ಮೇಷ್ಟ್ರಿಗೆ ಹಬ್ಬ. "ಟ್ಯಾಂಕು ಯಾರನ್ನಯ್ಯಾ ಕ್ಲೀನ್ ಮಾಡುತ್ತೆ? ಪ್ಯಾಸಿವ್ ವಾಯ್ಸ್ ಸತ್ತುಹೋಯ್ತಾ?" ಎನ್ನುತ್ತ "ವಿಲ್ ಬಿ ಕ್ಲೀನ್ಡ್" ಮಾಡಿದರು, "ಟು" ತೆಗೆದು "ವಿತ್" ಹಾಕಿದರು, ಅಂಚಿನಲ್ಲಿ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ಸಹಿಯನ್ನೂ ಹಾಕಿದರು. ಆ ವ್ಯಾಕರಣ ಓದದವರೆಲ್ಲ ರಾತ್ರಿಯೇ ಬಕೆಟ್ ತುಂಬಿಸಿಟ್ಟರು.

ಬೆಳಗ್ಗೆ ಏಳಕ್ಕೆ ಮೂರನೇ ಮಹಡಿಯಿಂದ ಕೂಗು. ಟವೆಲ್ಲು ಸುತ್ತಿಕೊಂಡು, ತಲೆಗೂ ಮುಖಕ್ಕೂ ಸೋಪು ಮೆತ್ತಿಕೊಂಡು, ಒಂದೇ ಕಣ್ಣು ತೆರೆದು ಮೇಷ್ಟ್ರು ನಿಂತಿದ್ದರು. "ನೀರು ನಿಲ್ಲಿಸೋ ಮುಂಚೆ ಹೇಳೋದಲ್ವೇನಯ್ಯಾ?"

"ನೋಟಿಸ್ ಹಾಕಿದ್ವಲ್ಲ ಸಾರ್. ನೀವೇ ಮಾರ್ಕ್ಸ್ ಕೊಟ್ರಿ."

ಮೇಷ್ಟ್ರು ಅರೆಗಳಿಗೆ ಯೋಚಿಸಿದರು. "ಬರೀ ಟುಮಾರೋ ಅಂದ್ರೆ ಸಾಲದು. ಎಷ್ಟು ಗಂಟೆಯಿಂದ ಅನ್ನೋ ಅಡ್ವರ್ಬ್ ಎಲ್ಲಿ? ಅದಕ್ಕೇ ನಾಲ್ಕು ಕೊಟ್ಟಿದ್ದು."