ಎಂಟು ನಿಮಿಷದ ಡಾಕ್ಟ್ರು

ದಾವಣಗೆರೆಯಲ್ಲಿ ಡಾಕ್ಟರಿಗೆ ಬರವಿಲ್ಲ. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದ ಮೇಲಂತೂ ಬೆಣ್ಣೆದೋಸೆ ಹೋಟೆಲಿನಲ್ಲಿ ಕಲ್ಲೆಸೆದರೆ ಒಬ್ಬ ಡಾಕ್ಟರಿಗೆ ತಾಗೀತು. ಅವರಲ್ಲಿ ‘ಪ್ಲ್ಯಾಬ್’ ಡಾಕ್ಟ್ರನ್ನು ಗುರುತಿಸುವುದು ಸುಲಭ. ದೋಸೆ ತಂದವನನ್ನೂ ‘ನಿಮ್ಮನ್ನು ಏನಂತ ಕರೀಲಿ?’ ಎಂದು ವಿಚಾರಿಸಿಯೇ ಚಟ್ನಿ ಕೇಳುವವನು ಅವನೇ.

ಪ್ಲ್ಯಾಬ್ ಎಂದರೆ ಇಂಗ್ಲೆಂಡಿನಲ್ಲಿ ವೈದ್ಯನಾಗಲು ಬರೆಯುವ ಪರೀಕ್ಷೆ. ಮೊದಲ ಭಾಗದ 180 ಪ್ರಶ್ನೆಗಳನ್ನು ಉರು ಹೊಡೆದು ದಾಟಿದ್ದಾನೆ. ಎರಡನೆಯದು ಮ್ಯಾಂಚೆಸ್ಟರಿನಲ್ಲಿ: 16 ಸ್ಟೇಷನ್, ಒಂದೊಂದಕ್ಕೂ 8 ನಿಮಿಷ, ಒಳಗೆ ರೋಗಿಯ ಪಾತ್ರ ಹಾಕಿ ಕೂತ ನಟರು. ಕಾಯಿಲೆ ಕಂಡುಹಿಡಿದರಷ್ಟೇ ಸಾಲದು, ಆಡುವ ಮಾತಿಗೂ ಅಂಕವಿದೆ. ಇದು ಏನಿರಬಹುದು ಅನಿಸುತ್ತದೆ, ಚಿಂತೆ ಏನು, ನನ್ನಿಂದ ಏನು ನಿರೀಕ್ಷೆ ಎಂದು ಕೇಳುವುದು ಈ ಪಂಗಡದ ಗಾಯತ್ರಿ ಮಂತ್ರ.

ರಂಗನಟಿ ಚಿಂದೋಡಿ ಲೀಲಾ ಅವರ ಊರಿನಲ್ಲಿ ನಟರಿಗೇನು ಕೊರತೆ? ಆದರೆ ಅಭ್ಯಾಸಕ್ಕೆ ಬಿಟ್ಟಿ ಸಿಗುವವರು ಹರಿಹರದ ಸೋದರತ್ತೆ ಒಬ್ಬರೇ. ಭಾನುವಾರ ಬಸ್ಸು ಹತ್ತುತ್ತಾನೆ. ತೆರೆದಿದ್ದ ಬಾಗಿಲನ್ನೇ ತಟ್ಟಿ, ಕೈಗೆ ಸ್ಯಾನಿಟೈಸರ್ ತಿಕ್ಕಿ, ಮೊಬೈಲಿನಲ್ಲಿ ಟೈಮರ್ ಒತ್ತುತ್ತಾನೆ.

‘ನಮಸ್ಕಾರ, ನಾನು ಇಲ್ಲಿನ ಡಾಕ್ಟರ್. ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?’

‘ತೊಟ್ಟಿಲಿಗೆ ಹಾಕಿ ನಿಂಗೆ ಹೆಸರಿಟ್ಟಾಕಿ ನಾನು. ನನ್ ಹೆಸ್ರು ಕೇಳ್ತೀಯೇನೋ?’

‘ಅತ್ತೇ, ಟೈಮ್ ಓಡ್ತೈತಿ. ಏನ್ ತೊಂದ್ರೆ?’

ತೊಂದರೆ ಮಂಡಿನೋವು. ಅದು ಹರಿಹರೇಶ್ವರನ ತೇರಿನಲ್ಲಿ ಶುರುವಾಗಿ, ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಕಾಲಕ್ಕೆ ಹೋಗಿ, ಮಾವನ ಪಿಎಫ್ ಹಣ ದಾಟಿ, ನಾದಿನಿಯ ಮಾತಿನ ಮೊನೆಗೆ ಬಂದು ನಿಲ್ಲುತ್ತದೆ. ಟೈಮರ್ ಕೂಗಿಕೊಂಡಾಗ ನೋವಿನ್ನೂ ಎಡಮಂಡಿಯಲ್ಲೇ ಇರುತ್ತದೆ, ಬಲದ ಸರದಿ ಬಂದೇ ಇರುವುದಿಲ್ಲ.

‘ಇದು ಏನಿರಬಹುದು ಅಂತ ನಿಮಗನ್ಸುತ್ತೆ?’

‘ಅದನ್ನ ನೀನ್ ಹೇಳ್ಲಿ ಅಂತ ತಾನೇ ನಿಮ್ಮಪ್ಪ ಅಡಿಕೆ ತೋಟ ಅಡ ಇಟ್ಟು ಓದ್ಸಿದ್ದು?’

ಅತ್ತೆಯದೇನೂ ತಪ್ಪಿಲ್ಲ. ನಮ್ಮ ಕಡೆ ನಾಡಿ ಹಿಡಿದು, ‘ಹ್ಞೂಂ’ ಅಂದು, ಸೂಜಿ ಚುಚ್ಚುವವನೇ ಕೈಗುಣವಿರುವ ಡಾಕ್ಟ್ರು. ಕೇಳಿದಷ್ಟೂ ಇವನಿಗೆ ಗೊತ್ತಿಲ್ಲವೆಂದೇ ಲೆಕ್ಕ. ಆ ಕೈಗುಣಕ್ಕೆ ಮ್ಯಾಂಚೆಸ್ಟರಿನಲ್ಲಿ ಅರ್ಧ ಅಂಕವೂ ಇಲ್ಲ ಎಂಬುದು ಇವನ ಗೋಳು.

ಹುಡುಗ ಪಟ್ಟು ಬಿಡುವುದಿಲ್ಲ. ಮುಖದಲ್ಲಿ ಕನಿಕರ ತಂದುಕೊಂಡು ಕಡೆಯ ಪ್ರಶ್ನೆ ಹಾಕುತ್ತಾನೆ: ‘ನನ್ನಿಂದ ನಿಮಗೇನು ನಿರೀಕ್ಷೆ ಐತಿ?’

ಅತ್ತೆ ಸೆರಗು ಸರಿ ಮಾಡಿಕೊಂಡು ಒಳಮನೆ ಕಡೆ ಕಣ್ಣು ಹಾಯಿಸುತ್ತಾರೆ.

‘ನಮ್ ಹುಡುಗಿ ಬಿಇ ಮುಗಿಸ್ಯಾಳ. ಪಾಸ್‌ಪೋರ್ಟೂ ಮಾಡ್ಸಿ ಇಟ್ಟೀವಿ ನೋಡಪ್ಪ.’