ಶಾಂತಸ್ವಭಾವದ ಮಹಾಶಯರು

ಬೆಂಗಳೂರಿನ ಯಾವ ಹಳೆಯ ಬಡಾವಣೆಯಲ್ಲಿ ವಿಚಾರಿಸಿದರೂ, ತಾವು ಸ್ವಭಾವತಃ ಪರಮಶಾಂತರೆಂದೂ, ಕೋಪವೆಂಬುದು ತಮ್ಮಲ್ಲಿ ಹುಟ್ಟತಕ್ಕ ಪದಾರ್ಥವೇ ಅಲ್ಲವೆಂದೂ, ಲೋಕವೇ ಸಂಚು ಹೂಡಿ ಪ್ರತಿದಿನ ಬೆಳಗ್ಗೆ ಅದನ್ನು ತಮ್ಮ ಮನೆಯ ಬಾಗಿಲಿಗೆ ತಂದೊಪ್ಪಿಸುತ್ತದೆಯೆಂದೂ ದೃಢವಾಗಿ ನಂಬಿರುವ ಮಹಾಶಯರೊಬ್ಬರು ಸಿಕ್ಕೇ ಸಿಕ್ಕುತ್ತಾರೆ. ವಯಸ್ಸು ಅರವತ್ತರ ಆಚೆ. ಯಾವುದೋ ಇಲಾಖೆಯಿಂದಲೋ ಬ್ಯಾಂಕಿನಿಂದಲೋ ನಿವೃತ್ತರು. ಲಂಚ ಮುಟ್ಟಿದವರಲ್ಲ, ಸಾಲ ಉಳಿಸಿಕೊಂಡವರಲ್ಲ, ಕೊಟ್ಟ ಮಾತಿಗೆ ತಪ್ಪಿದವರಲ್ಲ. ಈ ಸದ್ಗುಣಗಳನ್ನೆಲ್ಲ ಒಂದು ಜನ್ಮ ಕಾಪಾಡಿಕೊಂಡು ಬಂದುದಕ್ಕೆ ಪಿಂಚಣಿಯ ಜೊತೆಗೆ ಕೂಗಾಡುವ ಅಧಿಕಾರವೂ ತಮಗೆ ನ್ಯಾಯವಾಗಿ ಸಲ್ಲಬೇಕಾದುದೆಂದು ಅವರ ಎಣಿಕೆ. “ನನಗೆ ಕೋಪ ಬರುವುದಿಲ್ಲ, ಬರಿಸುತ್ತಾರೆ” ಎಂಬುದು ಅವರ ಜೀವನಸಿದ್ಧಾಂತ. ಅದನ್ನು ಅವರು ಪ್ರತಿಪಾದಿಸುವಾಗ ಮೂರನೆಯ ಮನೆಯವರಿಗೂ ಒಂದಕ್ಷರ ಬಿಡದೆ ಕೇಳಿಸುತ್ತದೆ.

ಪ್ರಾತಃಕಾಲದಲ್ಲಿ ಸ್ನಾನ ಮುಗಿಸಿ ಅವರು ಗೀತೆಯ ದ್ವಿತೀಯಾಧ್ಯಾಯವನ್ನು ಪಾರಾಯಣ ಮಾಡುವರು. ಕಾಮದಿಂದ ಕ್ರೋಧವೂ, ಕ್ರೋಧದಿಂದ ಸಮ್ಮೋಹವೂ, ಕಟ್ಟಕಡೆಗೆ ಬುದ್ಧಿನಾಶವೂ ಸಂಭವಿಸುವ ಪ್ರಸಿದ್ಧವಾದ ವಂಶಾವಳಿ ಬರುವುದು ಆ ಅಧ್ಯಾಯದಲ್ಲಿಯೇ. ಸರಿಯಾಗಿ ಆ ಸ್ಥಳಕ್ಕೆ ಬಂದಾಗ ಹಾಲಿನ ಹುಡುಗನು ಕರೆಗಂಟೆಯನ್ನು ಎರಡು ಸಲ ಒತ್ತಿದನೆಂದರೆ, ಶ್ಲೋಕದ ಉತ್ತರಾರ್ಧವು ಸೋದಾಹರಣವಾಗಿ ಬಾಗಿಲಲ್ಲಿ ವ್ಯಾಖ್ಯಾನಗೊಳ್ಳುವುದು. ಅನಂತರ ಕಾಫಿ. ಹಿತ್ತಾಳೆಯ ಫಿಲ್ಟರಿನಿಂದ ಇಳಿದ ಡಿಕಾಕ್ಷನ್ನಿಗೆ ಹಾಲು ಬೆರೆಸಿ ತಂದ ಲೋಟವನ್ನು ಡಬರಿಗೆ ಒಮ್ಮೆ ಸುರಿದು, ಮತ್ತೆ ಲೋಟಕ್ಕೆ ಹೊಯ್ದು, ತುಟಿಗೆ ತಾಗಿಸಿ, ಮೇಜಿನ ಮೇಲಿಟ್ಟು, ಮೂಗಿನ ಮೇಲಣ ಕನ್ನಡಕವನ್ನು ತೆಗೆದು, ಅದರ ಎಡಗಡ್ಡಿಯನ್ನೂ ತರುವಾಯ ಬಲಗಡ್ಡಿಯನ್ನೂ ಮಡಿಸಿ, ಪತ್ರಿಕೆಯ ಮೇಲೆ ನಿಧಾನವಾಗಿ ಅವರು ಇರಿಸಿದರೋ, ಮನೆಯೊಳಗೆ ಒಬ್ಬರೂ ಉಳಿಯಲಾರರು. ಮೊಮ್ಮಗನು ಪುಸ್ತಕದ ಚೀಲ ಹಿಡಿದು ಮಹಡಿ ಹತ್ತುವನು. ಸೊಸೆಗೆ ಹಿತ್ತಿಲಿನ ತುಳಸಿಗೆ ನೀರೆರೆಯಬೇಕಾದುದು ಜ್ಞಾಪಕಕ್ಕೆ ಬರುವುದು. ಗೃಹಿಣಿಯೊಬ್ಬರೇ, ನಲವತ್ತು ವರ್ಷದ ಅಭ್ಯಾಸಬಲದಿಂದ, ಅಡಿಗೆಮನೆಯ ಮಿಕ್ಸಿಯನ್ನು ತಿರುಗಿಸಿ, ತಮಗೆ ಏನೂ ಕೇಳಿಸದಂತಹ ಒಂದು ಆಶ್ರಯವನ್ನು ನಿರ್ಮಿಸಿಕೊಳ್ಳುವರು.

ಇಂತಹವರು ಚಿಕಿತ್ಸಕರನ್ನು ಅರಸಿ ಹೊರಡುವುದು ಸ್ವೇಚ್ಛೆಯಿಂದಲ್ಲ. ಪರದೇಶದಲ್ಲಿರುವ ಮಗಳು, ಬೇಸಗೆಯ ರಜಕ್ಕೆ ಮಕ್ಕಳು ತಾತನ ಮನೆಗೆ ಬರಲು ಒಲ್ಲೆವೆನ್ನುತ್ತಾರೆಂದು ದೂರವಾಣಿಯ ಪರದೆಯಲ್ಲಿ ಮೆಲ್ಲಗೆ ತಿಳಿಸಿದ ಮೇಲೆ ಮಹಾಶಯರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, ತಜ್ಞರೊಬ್ಬರನ್ನು ಕಾಣಲು ಒಪ್ಪಿದರು. ಆದರೆ ಒಂದು ಷರತ್ತು: ಆ ತಜ್ಞರು ಉಭಯ ಪಕ್ಷಗಳ ವಾದವನ್ನೂ ಆಲಿಸಿ, ತಪ್ಪು ಯಾರದೆಂಬುದನ್ನು ಕಾಗದದ ಮೇಲೆ ಬರೆದು ರುಜು ಹಾಕಿಕೊಡತಕ್ಕದ್ದು. ಅವರಿಗೆ ಬೇಕಾಗಿದ್ದುದು ವೈದ್ಯರಲ್ಲ, ನ್ಯಾಯಾಧೀಶರು. ಮುಂದಿನ ವೃತ್ತಾಂತವೆಲ್ಲ ಈ ಒಂದು ಪ್ರಮಾದದ ಸಂತಾನ.

ಅನ್ವೇಷಣೆಯು ಕನ್ಯಾಪಿತೃವೊಬ್ಬನು ವರನನ್ನು ಹುಡುಕುವ ಕ್ರಮದಲ್ಲಿಯೇ, ಕುಲಗೋತ್ರಗಳ ವಿಚಾರಣೆಯಿಂದ, ಆರಂಭವಾಯಿತು. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಓದಿ ಮುಂದೆ ಮನೋರೋಗಗಳಲ್ಲಿ ಪ್ರಾವೀಣ್ಯ ಪಡೆದವರು, ಔಷಧ ಬರೆಯುವ ಅಧಿಕಾರವುಳ್ಳವರು. ಚಿಕಿತ್ಸಾ ಮನೋವಿಜ್ಞಾನಿಗಳೆಂದರೆ ಮಾತಿನಿಂದಲೂ ಅಭ್ಯಾಸದಿಂದಲೂ ಗುಣಪಡಿಸತಕ್ಕವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಇನ್ನು ಬರಿಯ ಆಪ್ತಸಲಹೆಗಾರರೆಂಬ ಫಲಕವನ್ನಾದರೋ, ವಿದ್ಯೆಯುಳ್ಳವರೂ ತೂಗುಹಾಕುತ್ತಾರೆ, ಗೋಡೆಯುಳ್ಳವರೂ ತೂಗುಹಾಕುತ್ತಾರೆ. ಇಷ್ಟನ್ನು ಮಹಾಶಯರು ಒಂದು ವಾರದಲ್ಲಿ ಕರಗತಮಾಡಿಕೊಂಡು, ಯಾರಿಗೆ ಫೋನು ಮಾಡಿದರೂ ನಮಸ್ಕಾರಕ್ಕೆ ಮುಂಚೆ ನೋಂದಣಿಯ ಸಂಖ್ಯೆಯನ್ನು ಕೇಳತೊಡಗಿದರು. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸರ್ಕಾರದ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಎಂಬ ಮಹಾಸಂಸ್ಥೆಯಾಗಿ ಹೊಸೂರು ರಸ್ತೆಯಲ್ಲಿ ಬೆಳೆದು ನಿಂತಿದೆಯಲ್ಲ, ಅಲ್ಲಿಗೇ ಹೋಗಬಾರದೇಕೆ ಎಂದರೆ, ಅದಕ್ಕೊಂದು ಧರ್ಮಸಂಕಟವಿತ್ತು: ಆಟೋ ಚಾಲಕರಿಂದ ಹಿಡಿದು ಸ್ವಂತ ಷಡ್ಡಕನವರೆಗೆ ತಮಗೆ ಎದುರಾಡಿದವರನ್ನೆಲ್ಲ ಮೂವತ್ತು ವರ್ಷಗಳಿಂದ ಅವರು ಆ ವಿಳಾಸಕ್ಕೇ ಕಳುಹಿಸುತ್ತ ಬಂದಿದ್ದರು. ಅವರಲ್ಲಿ ಯಾರಾದರೂ ಅಲ್ಲಿ ಎದುರಾದರೆ ಏನು ಗತಿ?

ಹಾಗಾದರೆ ಮನೆಯಿಂದಲೇ ಮಾತನಾಡಿ ಎಂದು ಮಗಳು, 2022ರ ಅಕ್ಟೋಬರಿನಲ್ಲಿ ಕೇಂದ್ರಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಟ್ಟಳು. ಹಗಲಿರುಳೂ ಉಚಿತವಾಗಿ ದೊರೆಯುವ ಆ ಸೇವೆಯನ್ನು ಮಹಾಶಯರು ರಾತ್ರಿ ಎರಡು ಗಂಟೆಗೆ, ಎದುರುಮನೆಯವನು ತಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿರುವ ಸಂದರ್ಭದಲ್ಲಿ ಉಪಯೋಗಿಸಿಕೊಂಡರು. ಆ ಕಡೆಯ ಸಮಾಲೋಚಕಿಯು ಅಚ್ಚಗನ್ನಡದಲ್ಲಿ, ಅಪಾರವಾದ ಸೈರಣೆಯಿಂದ, ಕಾರಿನ ಸಮಗ್ರ ಇತಿಹಾಸವನ್ನು ಆಲಿಸಿ, “ಈಗ ನಿಮಗೆ ಹೇಗನ್ನಿಸುತ್ತಿದೆ?” ಎಂದು ಕೇಳಿದಳು. “ನನಗೆ ಅನ್ನಿಸುವುದು ಹಾಗಿರಲಿ ತಾಯಿ, ಗಾಡಿ ತೆಗೆಸುತ್ತೀರೋ ಇಲ್ಲವೋ?” ಎಂದರು ಮಹಾಶಯರು.

ಮೊದಲು ಕಂಡ ಮನೋವೈದ್ಯರು ಪ್ರಾಜ್ಞರು. ಕೋಪವೆಂಬುದು ತಾನೇ ಒಂದು ರೋಗವಲ್ಲ. ಆದರೆ ಅದರ ಹಿಂದೆ ಖಿನ್ನತೆ, ನಿದ್ರಾಭಂಗ, ಮದ್ಯದ ಚಟ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ ಮುಂತಾದುವು ಅಡಗಿ ಕುಳಿತಿರುವುದುಂಟು. ಆದಕಾರಣ ಮೊದಲು ರಕ್ತಪರೀಕ್ಷೆಯಾಗಲಿ ಎಂದರು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಹಾಶಯರು ಅದ್ಭುತವಾದ ಉಲ್ಲಾಸದಲ್ಲಿದ್ದರು. ಸಕಲ ಅಪರಾಧವನ್ನೂ ಕತ್ತಿನ ಒಂದು ಸಣ್ಣ ಗ್ರಂಥಿಯ ತಲೆಗೆ ಕಟ್ಟಬಹುದೆಂಬ ಆಶೆ ಚಿಗುರಿತ್ತು. ಎಲ್ಲವೂ ಸರಿಯಾಗಿದೆಯೆಂಬ ವರದಿ ಬಂದಾಗ, ಆರೋಗ್ಯವಂತರೆನಿಸಿಕೊಂಡ ದುಃಖದಿಂದ ಅವರು ಪ್ರಯೋಗಶಾಲೆಯ ಗುಮಾಸ್ತನ ಮೇಲೆ ಎಗರಿಬಿದ್ದರು.

ಎರಡನೆಯವರು ಫಲಕಮಾತ್ರದಿಂದ ಸಲಹೆಗಾರರಾದವರು. ಒಳಗಿನ ಕೋಪವನ್ನು ಹೊರಹಾಕಿಬಿಟ್ಟರೆ ಮನಸ್ಸು ನಿರ್ಮಲವಾಗುತ್ತದೆಂದು ಹೇಳಿ, ಎದುರುಮನೆಯವನನ್ನು ಧ್ಯಾನಿಸುತ್ತ ಒಂದು ದಿಂಬನ್ನು ಗುದ್ದಲು ವಿಧಿಸಿದರು. ಲೋಕಪ್ರಿಯವಾದ ಈ ಮದ್ದನ್ನು ಅಮೆರಿಕದ ಬ್ರಾಡ್ ಬುಷ್ಮನ್ ಎಂಬ ವಿದ್ವಾಂಸರು ಪ್ರಯೋಗಕ್ಕೆ ಒಡ್ಡಿ, ಸಿಟ್ಟು ಬರಿಸಿದವನನ್ನು ನೆನೆಯುತ್ತ ಗುದ್ದಿದವರ ಕೋಪ ಇಳಿಯುವುದಕ್ಕೆ ಪ್ರತಿಯಾಗಿ ಏರುತ್ತದೆಂದು 2002ರಲ್ಲಿಯೇ ಪ್ರಕಟಿಸಿದ್ದಾರೆ. ಆ ಪ್ರಬಂಧವನ್ನು ಓದದೆಯೇ ಮಹಾಶಯರು ಅದನ್ನು ಸಮರ್ಥಿಸಿದರು: ಹತ್ತು ನಿಮಿಷ ಗುದ್ದಿ, ಹತ್ತಿ ಹಾರುವ ದಿಂಬನ್ನು ಎಸೆದು, ನೆಟ್ಟಗೆ ಎದುರುಮನೆಗೆ ಹೋದರು.

ಮೂರನೆಯವಳು ಚಿಕಿತ್ಸಾ ಮನೋವಿಜ್ಞಾನಿ, ಎಂ.ಫಿಲ್. ಆದವಳು, ವಯಸ್ಸಿನಲ್ಲಿ ಮಗಳಿಗಿಂತ ಚಿಕ್ಕವಳು. “ನೀನೇನಮ್ಮ ನನಗೆ ಹೇಳಿಕೊಡುವವಳು?” ಎಂಬ ಪ್ರಶ್ನೆ ಮಹಾಶಯರ ಬಾಯಿಯವರೆಗೂ ಬಂದಿತ್ತು, ಅಷ್ಟರಲ್ಲಿ ಆಕೆಯೇ ಒಂದು ಪ್ರಶ್ನೆ ಹಾಕಿದಳು: “ಕೆಲಸದಲ್ಲಿದ್ದಾಗ ಮೇಲಧಿಕಾರಿಗಳ ಮುಂದೆ ಯಾವಾಗಲಾದರೂ ಹೀಗೆ ಸಿಟ್ಟು ಬಂದದ್ದುಂಟೇ?”

“ಛೆ! ಅಲ್ಲಿ ಸಿಟ್ಟು ಮಾಡಿಕೊಂಡರೆ ನಡೆಯುತ್ತದೆಯೇ?”

“ಪೊಲೀಸಿನವರ ಮುಂದೆ?”

“ಅವರಿಗೆ ನಾನೇಕೆ ಎದುರಾಡಲಿ?”

ಆಕೆ ಏನನ್ನೋ ಬರೆದುಕೊಂಡಳು. ಬಡವನ ಕೋಪ ದವಡೆಗೆ ಮೂಲವೆಂದೂ, ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆಂದೂ ನಮ್ಮ ಅಜ್ಜಿಯರು ಹೇಳಿಟ್ಟಿರುವುದು ಇದನ್ನೇ. ಕಣ್ಣುಕಾಣದೆಂದು ನಾವು ನಿಂದಿಸುವ ಕ್ರೋಧಕ್ಕೆ ಎದುರಿಗಿರುವವನ ಹುದ್ದೆಯೂ ಸಂಬಳವೂ ಮೈಕಟ್ಟೂ ಸ್ಪಷ್ಟವಾಗಿ ಕಾಣುತ್ತವೆ; ಮೂವತ್ತೈದು ವರ್ಷ ಕಚೇರಿಯಲ್ಲಿ ಅದನ್ನು ಯಶಸ್ವಿಯಾಗಿ ಹತೋಟಿಯಲ್ಲಿಟ್ಟು, ಸಂಜೆ ಮನೆಯ ಮೆಟ್ಟಿಲು ಹತ್ತಿದೊಡನೆ ಬಿಡುಗಡೆಮಾಡುತ್ತಿದ್ದ ಪುರುಷನಿಗೆ ಸಂಯಮವನ್ನು ಹೊಸದಾಗಿ ಕಲಿಸಬೇಕಾದುದೇನಿದೆ? ಇರುವುದನ್ನು ಮನೆಗೂ ತರಬೇಕಾಗಿದೆ, ಅಷ್ಟೆ.

ಮಹಾಶಯರು ಸುಲಭವಾಗಿ ಸೋಲುವವರಲ್ಲ. ಮುಂದಿನ ವಾರ ಸೆನೆಕನನ್ನು ಓದಿಕೊಂಡು ಹೋದರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕೋಪವನ್ನು ಕುರಿತು ಮೂರು ಭಾಗಗಳ ಗ್ರಂಥ ಬರೆದು, ವಿಳಂಬವೇ ಅದಕ್ಕೆ ಔಷಧವೆಂದು ಉಪದೇಶಿಸಿದ ಆ ರೋಮನ್ ಪಂಡಿತನು ಸ್ವತಃ ಪಾಠ ಹೇಳಿದ ಶಿಷ್ಯನೇ ನೀರೋ ಅಲ್ಲವೇ, ಕಡೆಗೆ ಆ ಶಿಷ್ಯನ ಆಜ್ಞೆಯಿಂದಲೇ ಗುರುವು ಪ್ರಾಣ ಬಿಡಬೇಕಾಯಿತಲ್ಲವೇ, ಇಂತಹ ಉಪದೇಶದಿಂದ ಆದ ಲಾಭವಾದರೂ ಏನು ಎಂದು ಗೆಲವಿನಿಂದ ಕೇಳಿದರು. “ನೀರೋಗೆ ಹೆದರಬೇಕಾದವರು ಯಾರೂ ಇರಲಿಲ್ಲ ಸಾರ್. ಮನೆಯಲ್ಲಿ ನೀವು ಹೆದರುವವರು ಯಾರು?” ಎಂದಳು ಆಕೆ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಗೃಹಿಣಿಯವರಿಗೆ ಏತಕ್ಕೋ ಕೆಮ್ಮು ಬಂದಿತು.

ಚಿಕಿತ್ಸೆಯ ಕ್ರಮದಲ್ಲಿ ಮಾಯಮಂತ್ರವೇನಿಲ್ಲ. ರೇಮಂಡ್ ನೊವಾಕೊ 1975ರಲ್ಲಿ ಕ್ರೋಧನಿಯಂತ್ರಣದ ಗ್ರಂಥವನ್ನು ಹೊರತಂದ ಕಾಲದಿಂದ ಬೆಳೆದು ಬಂದಿರುವ ಪದ್ಧತಿ ಅದು: ದೇಹದ ಉದ್ರೇಕವನ್ನು ಮೊದಲೇ ಗುರುತಿಸುವುದು, ಆ ಕ್ಷಣದಲ್ಲಿ ಮನಸ್ಸು ಹೇಳಿಕೊಳ್ಳುವ ಮಾತನ್ನು ಹಿಡಿದು ಪ್ರಶ್ನಿಸುವುದು, ಉಸಿರನ್ನು ನೀಳವಾಗಿಸಿ ಬಿಗಿದ ಸ್ನಾಯುಗಳನ್ನು ಸಡಿಲಿಸುವುದು, ಸ್ವಲ್ಪ ಹೊತ್ತು ಆ ಸ್ಥಳದಿಂದ ದೂರಸರಿಯುವುದು. ತಮಗೆ ಮುನ್ಸೂಚನೆಯೆಂಬುದೇ ಇಲ್ಲ, ಸಿಡಿಲಿನ ಹಾಗೆ ಬರುತ್ತದೆ ಎಂದರು ಮಹಾಶಯರು. ಒಳಗೆ ಕರೆಯಿಸಿಕೊಂಡ ಗೃಹಿಣಿಯವರು, “ಕನ್ನಡಕ ತೆಗೆದು ಮಡಿಸುತ್ತಾರೆ, ಮೊದಲು ಎಡಗಡೆಯದು” ಎಂದು ಸಾಕ್ಷ್ಯ ನುಡಿದರು. ಅಂದಿನಿಂದ ಕನ್ನಡಕವನ್ನು ಮೂಗಿನಿಂದ ಇಳಿಸಕೂಡದೆಂದು ವಿಧಿಯಾಯಿತು.

ಕೋಪದ ದಿನಚರಿಯೊಂದನ್ನೂ ಬರೆಯಬೇಕಾಗಿತ್ತು: ಏನು ನಡೆಯಿತು, ಏನೆಂದುಕೊಂಡೆ, ಏನು ಮಾಡಿದೆ, ಬೇರೆ ರೀತಿಯಲ್ಲಿ ಹೇಗೆ ಯೋಚಿಸಬಹುದಾಗಿತ್ತು ಎಂದು ನಾಲ್ಕು ಅಂಕಣ. ಕಚೇರಿಯಲ್ಲಿ ಕಡತಗಳನ್ನು ಬೆಳೆಸಿದ ಕೈ. ಮೊದಲ ಅಂಕಣವು ಆರೋಪಪಟ್ಟಿಯಾಗಿ, ದಿನಾಂಕ, ವೇಳೆ, ವಾಹನಸಂಖ್ಯೆ ಸಹಿತವಾಗಿ ಪುಟಗಟ್ಟಲೆ ಹರಿಯಿತು. ನಾಲ್ಕನೆಯದು ಎರಡು ತಿಂಗಳು ಖಾಲಿಯಾಗಿಯೇ ಉಳಿಯಿತು. ಹಾಸ್ಯಪತ್ರಿಕೆ ‘ಕೊರವಂಜಿ’ಯನ್ನು ನಡೆಸಿದ ರಾಶಿಯವರು, ಎಂದರೆ ವೈದ್ಯ ಎಂ. ಶಿವರಾಂ ಅವರು, ಮನಸ್ಸಿನ ವ್ಯಾಪಾರಗಳನ್ನು ಕುರಿತು ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಗಳಿಸಿದ ‘ಮನಮಂಥನ’ವು ಮಹಾಶಯರ ಕಪಾಟಿನಲ್ಲಿ ಬಹುಕಾಲದಿಂದ ಇತ್ತು. ಎರವಲು ಪಡೆದ ಷಡ್ಡಕನಿಂದ ಜಗಳವಾಡಿ ಹಿಂದಕ್ಕೆ ತಂದದ್ದೇ ಹೊರತು, ತೆರೆದದ್ದಿಲ್ಲ. ಆ ಎರಡು ತಿಂಗಳಲ್ಲಿ ಅದನ್ನೂ ಓದಿದರು.

ಈಗ ಗುಣವಾಗಿದೆಯೇ ಎಂದರೆ, ಮನೆಯವರ ವರದಿಯೇ ಪ್ರಮಾಣ: “ಮೊದಲು ಹೇಳದೆ ಬರುತ್ತಿತ್ತು, ಈಗ ಹೇಳಿ ಬರುತ್ತದೆ.” ಕಾಫಿ ತಣ್ಣಗಿದ್ದರೆ, “ನನಗೆ ಸಿಟ್ಟು ಬರುತ್ತಿದೆ; ಉದ್ಯಾನವನ್ನು ಎರಡು ಸುತ್ತು ಬಂದು ಆಮೇಲೆ ಮಾತನಾಡುತ್ತೇನೆ” ಎಂದು ಸಾರಿ ಹೊರಟುಹೋಗುತ್ತಾರೆ; ಬರುವುದರೊಳಗೆ ಬಿಸಿ ಕಾಫಿ ಸಿದ್ಧವಾಗಿರುತ್ತದೆ, ಬೈಯಲು ವಿಷಯವೇ ಉಳಿದಿರುವುದಿಲ್ಲ. ಆದರೆ ಉದ್ಯಾನದ ಮಿತ್ರವರ್ಗಕ್ಕೆ ಹೊಸ ಬಾಧೆಯೊಂದು ಪ್ರಾಪ್ತವಾಗಿದೆ. ಮುಂಗೋಪಿಗಳೆಂದು ಕಂಡವರಿಗೆಲ್ಲ ಮಹಾಶಯರು ಆ ಹುಡುಗಿಯ ವಿಳಾಸ ಕೊಡುತ್ತಾರೆ. ಹೋದೆಯೋ ಇಲ್ಲವೋ ಎಂದು ಪ್ರತಿ ಸೋಮವಾರ ವಿಚಾರಿಸುತ್ತಾರೆ. ಇಲ್ಲವೆಂದರೆ ಧ್ವನಿ ಏರುತ್ತದೆ. ನಿವೃತ್ತ ತಹಸೀಲ್ದಾರರೊಬ್ಬರು, ತಮಗೆ ಅಂಥದ್ದೇನೂ ಇಲ್ಲ, ತಾವು ಶಾಂತಸ್ವಭಾವದವರು ಎಂದುಬಿಟ್ಟ ದಿನ ಮಹಾಶಯರ ಕೈ ಕನ್ನಡಕದವರೆಗೂ ಹೋಗಿ, ಅದನ್ನು ಮುಟ್ಟಿ, ಹಾಗೆಯೇ ಹಿಂದಿರುಗಿತು. ಆ ರಾತ್ರಿ ದಿನಚರಿಯ ಮೂರು ಅಂಕಣಗಳನ್ನು ತುಂಬಿ, ಬಹಳ ಹೊತ್ತು ಲೇಖನಿಯನ್ನು ಕಚ್ಚಿ, ನಾಲ್ಕನೆಯದರಲ್ಲಿ ಅವರು ಬರೆದದ್ದು ಒಂದೇ ವಾಕ್ಯ: “ನನಗೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ಹೋಗುತ್ತಿರಲಿಲ್ಲ.”