ಚುಕ್ಕಿ-ನಕ್ಷತ್ರ ಮೀಮಾಂಸೆ: ಪಠ್ಯಶೋಧಶಾಸ್ತ್ರದ ಪೂರ್ವಪೀಠಿಕೆಗೆ ಒಂದು ಪ್ರವೇಶಿಕೆ

ಪಠ್ಯದಲ್ಲಿ ಬೇಕಾದುದನ್ನು ಹುಡುಕುವುದು ಪಾಮರರ ಕಣ್ಣಿಗೆ ಬರಿಯ ಹುಡುಕಾಟವಾಗಿ ಕಂಡರೂ, ವಿದ್ವದ್ವಲಯದಲ್ಲಿ ಅದು ‘ಸಾಂಕೇತಿಕ-ವಿನ್ಯಾಸ-ಸಾರೂಪ್ಯ-ಶೋಧನ’ವೆಂದೇ ಮಾನ್ಯವಾಗಿದ್ದು, ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಅದರ ಲೌಕಿಕ ನಾಮವನ್ನು ಉಚ್ಚರಿಸಿದವನು ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಾನೆ. ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ ನರಜಾಲಗಳನ್ನು ಕುರಿತು 1956ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹೊರಟ ಈ ಶಾಸ್ತ್ರವನ್ನು ಕೆನ್ ಥಾಂಪ್ಸನ್ 1960ರ ದಶಕದಲ್ಲಿ ಪಠ್ಯ ತಿದ್ದುವ ತಂತ್ರಾಂಶಕ್ಕೆ ಇಳಿಸಿ ಉಪಯುಕ್ತಗೊಳಿಸಿದ್ದು ಅದರ ಗಾಂಭೀರ್ಯಕ್ಕೆ ಒದಗಿದ ಮೊದಲ ಅಪಚಾರ.

ಇದರ ಸಂಜ್ಞೆಗಳು ಸಪ್ತವಿಧ. ಮೊದಲನೆಯದು ಚುಕ್ಕಿ (.), ಅರ್ಥಾತ್ ‘ಸರ್ವವರ್ಣಪ್ರತಿನಿಧಿ’, ಯಾವುದಾದರೂ ಒಂದು ಸಂಕೇತದ ಜಾಗದಲ್ಲಿ ಅದು ನಿಲ್ಲುತ್ತದೆ. ಎರಡನೆಯದು ನಕ್ಷತ್ರ (*), ಅರ್ಥಾತ್ ‘ಶೂನ್ಯಾದ್ಯನಂತಾವರ್ತಕ’. ತನ್ನ ಹಿಂದಿರುವುದು ಒಮ್ಮೆಯೂ ಬಾರದಿದ್ದರೂ, ಎಷ್ಟು ಸಲ ಬಂದರೂ ಒಪ್ಪಿಕೊಳ್ಳುವ ಇದು ಚುಕ್ಕಿಯ ಜೊತೆಗೂಡಿದರೆ, ಅಧ್ಯಕ್ಷ ಭಾಷಣದಂತೆ, ಏನನ್ನೂ ನಿರ್ದಿಷ್ಟವಾಗಿ ಹೇಳದೆ ಇಡೀ ಸಾಲನ್ನು ನುಂಗುತ್ತದೆ. ಮೂರನೆಯದು ಪ್ರಶ್ನಚಿಹ್ನೆ (?), ಅರ್ಥಾತ್ ‘ವೈಕಲ್ಪಿಕತಾದ್ಯೋತಕ’, ‘ಕನ್ನಡಿ?’ ಎಂದು ಹುಡುಕಿದರೆ ಕೊನೆಯ ಗುಡಿಸು ಮಾತ್ರ ಐಚ್ಛಿಕವಾಗಿ ಕನ್ನಡ, ಕನ್ನಡಿ ಎರಡೂ ಸಿಗುತ್ತವೆ. ಸಾಲಿನ ಆರಂಭಕ್ಕೆ ^, ಅಂತ್ಯಕ್ಕೆ $. ಉಳಿದವಕ್ಕೂ ಹೆಸರುಗಳಿವೆ, ಅವುಗಳಿಂದ ಯಾರಿಗೂ ಏನೂ ಸಿಕ್ಕಿಲ್ಲವಾದ್ದರಿಂದ ವರ್ಗೀಕರಣ ಇಲ್ಲಿಗೆ ಸಾಕು.

‘ಕನ್ನಡ’ ಎಂಬುದೊಂದೇ ಪದವಿರುವ ಸಾಲನ್ನು ^...$ ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಒಂದನೆಯ ತರಗತಿಯ ಮಗು ಮೂರು ಅಕ್ಷರ ಎಣಿಸುವಲ್ಲಿ ಯೂನಿಕೋಡ್ ಕ, ನ, ವಿರಾಮಚಿಹ್ನೆ (ಅರ್ಥಾತ್ ಹಲಂತದ ಗುರುತು), ನ, ಡ ಎಂದು ಐದು ಸಂಕೇತಗಳನ್ನು ಇಟ್ಟಿದೆ. ಚುಕ್ಕಿಗಳೂ ಐದು ಬೇಕು. ಪದದ ಅಕ್ಷರಗಳಿಗೆಂದೇ ಇರುವ ‘ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು’ ಸಂಜ್ಞೆಯು ಪೈಥಾನ್ ಭಾಷೆಯ ಮೂಲ ಸವಲತ್ತಿನಲ್ಲಿ ವಿರಾಮಚಿಹ್ನೆಯನ್ನು ಅಕ್ಷರವೆಂದೇ ಒಪ್ಪದ ಕಾರಣ, ಅದರ ಮುಂದೆ ‘ಒಂದು ಅಥವಾ ಹೆಚ್ಚು ಸಲ’ ಎಂಬರ್ಥದ + ಇಟ್ಟು ಹುಡುಕಿದಾಗ ಭಾಷೆಯ ಹೆಸರು ‘ಕನ’, ‘ನಡ’ ಎಂದು ಎರಡು ತುಂಡಾಗಿ ಕೈಸೇರುತ್ತದೆ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡವಿದೆ; ಆದರೂ ಕನ್ನಡದಲ್ಲಿ ಬರೆದ ಪಾಠಗಳು ಉದಾಹರಣೆಗೆ ಇಂಗ್ಲಿಷ್ ಪದಗಳನ್ನೇ ಹಿಡಿದು, ತುಂಡಾದ ಕನ್ನಡವನ್ನು ವಿದ್ಯಾರ್ಥಿಯ ಅಜ್ಞಾನದ ಲೆಕ್ಕಕ್ಕೆ ಬರೆಯುವುದು ವಿದ್ವತ್ತಲ್ಲ, ಸೋಮಾರಿತನ. ಹಳೆಯ ಗ್ರಂಥವನ್ನು ಬೆರಳಚ್ಚಿಸಿ, ಕರಡು ತಿದ್ದಿ, ಪದಸೂಚಿ ಕಟ್ಟಲು ಕುಳಿತವರಿಗೆ ಆ ಪಾಠಗಳಿಂದ ಒಂದು ಪದವೂ ಇಡಿಯಾಗಿ ದಕ್ಕುವುದಿಲ್ಲ.

ಯೂನಿಕೋಡ್‌ನ ಕನ್ನಡ ವಿಭಾಗದ ಮೊದಲ ಸಂಕೇತದಿಂದ ಕೊನೆಯದರವರೆಗಿನ ವ್ಯಾಪ್ತಿಯನ್ನು ಚೌಕ ಆವರಣದೊಳಗೆ ಕೊಟ್ಟು, ಅದೇ + ಚಿಹ್ನೆಯನ್ನು ಮುಂದಿಟ್ಟರೆ ‘ಕನ್ನಡ’ ಇಡಿಯಾಗಿ ಸಿಗುತ್ತದೆ. ಮೊದಲ ಪುಟದಲ್ಲೇ ಇರಬೇಕಾಗಿದ್ದುದು ಈ ಒಂದು ವಾಕ್ಯ. ಇದಕ್ಕೆ ಸಂಸ್ಕೃತದ ಹೆಸರು ಇನ್ನೂ ಹುಟ್ಟಿಲ್ಲವಾದ್ದರಿಂದ ಪಠ್ಯಕ್ರಮದಲ್ಲಿ ಸ್ಥಾನ ಸಿಕ್ಕಿಲ್ಲ.